ಭ್ರೂಣದ ಮಿದುಳುಕಾಂಡದಲ್ಲಿ ಮೊದಲ ಸಿನಾಪ್ಸ್ ಕೆಲಸ ಆರಂಭಿಸುವ ದಿನವನ್ನು ಗುರುತಿಸುವುದು ಹೇಗೆ: ಸಮಗ್ರ ಮಾರ್ಗದರ್ಶಿ

ಆರು ದಿನ ಕಾವಿನಲ್ಲಿದ್ದ ಕೋಳಿಮೊಟ್ಟೆಯ ಭ್ರೂಣದಿಂದ ಮಿದುಳುಕಾಂಡವನ್ನು ಬಿಡಿಸಿ, ಅದಕ್ಕೆ ಅಂಟಿಕೊಂಡೇ ಇರುವ ವೇಗಸ್ ನರಕ್ಕೆ ಪುಟ್ಟದೊಂದು ವಿದ್ಯುತ್ ಸ್ಪಂದನ ಕೊಟ್ಟರೆ, ನರದ ಎಳೆಗಳು ಆ ಸುದ್ದಿಯನ್ನು ಮಿದುಳಿನೊಳಕ್ಕೆ ಒಯ್ಯುತ್ತವೆ. ಆದರೆ ಒಳಗಿನ ನರಕೋಶಗಳು ಅದಕ್ಕೆ ಉತ್ತರಿಸಿದ ಗುರುತು ಕಾಣುವುದಿಲ್ಲ. ಏಳನೆಯ ದಿನದ ಭ್ರೂಣದಲ್ಲಿ ಅದೇ ಪ್ರಯೋಗ ಮಾಡಿದರೆ ಉತ್ತರ ಕಾಣುತ್ತದೆ. ಹಾಗಾದರೆ ಸಿನಾಪ್ಸ್, ಅಂದರೆ ಒಂದು ನರಕೋಶ ಮತ್ತೊಂದಕ್ಕೆ ಸುದ್ದಿ ದಾಟಿಸುವ ಸಂಧಿ, ಕೆಲಸ ಆರಂಭಿಸಿದ್ದು ಏಳನೆಯ ದಿನ ಎಂದು ಬರೆದುಕೊಳ್ಳಬಹುದೇ? ಬರೆದುಕೊಳ್ಳಬಾರದು. ಏಕೆ ಬರೆದುಕೊಳ್ಳಬಾರದು, ಬರೆಯುವ ಮೊದಲು ಏನೇನು ಮಾಡಬೇಕು ಎಂಬುದನ್ನು ಹಂತ ಹಂತವಾಗಿ ವಿವರಿಸುವುದು ಈ ಬರಹದ ಕೆಲಸ.

ಈ ವಿಷಯದಲ್ಲಿ ದಾರಿ ತೋರಿದವರು ಟೋಕಿಯೊ ವೈದ್ಯಕೀಯ ಮತ್ತು ದಂತ ವಿಶ್ವವಿದ್ಯಾಲಯದ ಕೋಹ್ತಾರೊ ಕಾಮಿನೊ, ಯೋಕೊ ಮೊಮೊಸೆ-ಸಾಟೊ, ಕಾತ್ಸುಶಿಗೆ ಸಾಟೊ ಮತ್ತು ಅವರ ಸಂಗಡಿಗರು. ಕೋಶದ ಪೊರೆಯ ವೋಲ್ಟೇಜ್ ಬದಲಾದಂತೆ ಬೆಳಕನ್ನು ಹೀರುವ ಪ್ರಮಾಣವನ್ನು ಬದಲಿಸಿಕೊಳ್ಳುವ ಬಣ್ಣಗಳನ್ನು ಬಳಸಿ, 1980ರ ದಶಕದ ಆರಂಭದಲ್ಲಿ ಈ ಗುಂಪು ಕೋಳಿ ಭ್ರೂಣದ ಹೃದಯದಲ್ಲಿ ಮಿಡಿತ ಕಣ್ಣಿಗೆ ಕಾಣುವ ಮುನ್ನವೇ ವಿದ್ಯುತ್ ಚಟುವಟಿಕೆ ಇರುವುದನ್ನು ದಾಖಲಿಸಿತ್ತು. ಅದೇ ಉಪಾಯವನ್ನು ಮುಂದೆ ಮಿದುಳುಕಾಂಡಕ್ಕೆ ಅನ್ವಯಿಸಿದಾಗ, ಸಂವೇದನಾ ಕೇಂದ್ರವೊಂದು ಮೊದಲ ಬಾರಿಗೆ ಹೊರಗಿನ ಸುದ್ದಿಗೆ ಕಿವಿಗೊಡುವ ಗಳಿಗೆಯನ್ನು ಹಿಡಿಯುವುದು ಸಾಧ್ಯವಾಯಿತು. ಈ ವಿವರಣೆ ಬಹುಮಟ್ಟಿಗೆ ಅವರ ಕ್ರಮವನ್ನೇ ಅನುಸರಿಸುತ್ತದೆ. ಪ್ರಯೋಗಾಲಯಕ್ಕೆ ಹೊಸದಾಗಿ ಕಾಲಿಡುತ್ತಿರುವ ಸ್ನಾತಕೋತ್ತರ ವಿದ್ಯಾರ್ಥಿಯನ್ನು ಮನಸ್ಸಿನಲ್ಲಿಟ್ಟು ಬರೆದಿದ್ದೇನೆ. ಪ್ರಯೋಗ ಮಾಡದೆ, ಪ್ರಬಂಧಗಳನ್ನು ಓದಿ ಅರ್ಥಮಾಡಿಕೊಳ್ಳಬಯಸುವವರಿಗೂ ಇದೇ ಕ್ರಮ ಉಪಯೋಗಕ್ಕೆ ಬರುತ್ತದೆ.

ಮೊದಲು ಪ್ರಶ್ನೆಯನ್ನು ಬಿಡಿಸಿಕೊಳ್ಳಿ

"ಸಿನಾಪ್ಸ್ ಯಾವಾಗ ಹುಟ್ಟುತ್ತದೆ" ಎಂಬ ಒಂದು ಪ್ರಶ್ನೆಯೊಳಗೆ ಕನಿಷ್ಠ ನಾಲ್ಕು ಪ್ರಶ್ನೆಗಳು ಅಡಗಿವೆ. ನರದ ಎಳೆ ಗುರಿಯ ಜಾಗವನ್ನು ಯಾವಾಗ ತಲುಪಿತು? ಎಳೆಯ ತುದಿ ರಾಸಾಯನಿಕ ಸಂದೇಶವನ್ನು ಸುರಿಸಲು ಯಾವಾಗ ಕಲಿತಿತು? ಎದುರಿನ ಕೋಶದ ಪೊರೆಯಲ್ಲಿ ಆ ಸಂದೇಶವನ್ನು ಹಿಡಿಯುವ ಗ್ರಾಹಿಗಳು ಯಾವಾಗ ಬಂದವು? ಇವೆಲ್ಲ ಸೇರಿ, ಎದುರಿನ ಕೋಶದ ವೋಲ್ಟೇಜನ್ನು ನಿಜವಾಗಿಯೂ ಅಲುಗಾಡಿಸುವ ಕೆಲಸ ಯಾವಾಗ ಆರಂಭವಾಯಿತು? ಸೂಕ್ಷ್ಮದರ್ಶಕದ ಕೆಳಗೆ ಸಿನಾಪ್ಸಿನ ಆಕಾರ ಕಂಡಿತೆಂದ ಮಾತ್ರಕ್ಕೆ ಕೊನೆಯ ಪ್ರಶ್ನೆಗೆ ಉತ್ತರ ಸಿಗುವುದಿಲ್ಲ; ಕೊನೆಯದಕ್ಕೆ ಇಲ್ಲ ಎಂಬ ಉತ್ತರ ಬಂದರೆ ಮೊದಲ ಮೂರಕ್ಕೂ ಇಲ್ಲ ಎಂದು ತೀರ್ಮಾನಿಸುವಂತೆಯೂ ಇಲ್ಲ. ನಾವು ಇಲ್ಲಿ ಬೆನ್ನುಹತ್ತುವುದು ನಾಲ್ಕನೆಯದನ್ನು. ಆದರೆ ಆರನೆಯ ಹಂತಕ್ಕೆ ಬರುವ ಹೊತ್ತಿಗೆ ಎರಡನೆಯದೂ ಮೂರನೆಯದೂ ತಾವಾಗಿಯೇ ಎದುರಿಗೆ ಬಂದು ನಿಲ್ಲುತ್ತವೆ.

ಜಾಗದ ಆಯ್ಕೆಗೂ ಕಾರಣವಿದೆ. ಹೃದಯ, ಶ್ವಾಸಕೋಶ, ಜಠರ, ಕರುಳುಗಳ ಸ್ಥಿತಿಗತಿಯನ್ನು ಮಿದುಳಿಗೆ ಮುಟ್ಟಿಸುವ ವೇಗಸ್ ನರದ ಸಂವೇದನಾ ಎಳೆಗಳು ಮಿದುಳುಕಾಂಡದ ಹಿಂಭಾಗದಲ್ಲಿರುವ ನ್ಯೂಕ್ಲಿಯಸ್ ಟ್ರ್ಯಾಕ್ಟಸ್ ಸೋಲಿಟೇರಿಯಸ್ ಎಂಬ ಕೇಂದ್ರದಲ್ಲಿ ಬಂದು ಕೊನೆಗೊಳ್ಳುತ್ತವೆ. ಪ್ರಯೋಗಾಲಯದಲ್ಲಿ ಎಲ್ಲರೂ ಇದನ್ನು ಎನ್‌ಟಿಎಸ್ ಎನ್ನುವುದರಿಂದ ನಾನೂ ಹಾಗೆಯೇ ಬರೆಯುತ್ತೇನೆ. ಒಂದೇ ನರ, ಸ್ಪಷ್ಟವಾದ ಒಂದೇ ಗುರಿ, ನಡುವೆ ಒಂದೇ ಸಿನಾಪ್ಸ್ ಎಂಬ ಅನುಕೂಲ ಮಿದುಳಿನ ಮೇಲಿನ ಭಾಗಗಳಲ್ಲಿ ಸುಲಭಕ್ಕೆ ಸಿಗುವುದಿಲ್ಲ.

ಹಂತ 1: ಮೊಟ್ಟೆ, ಕಾವು, ವಯಸ್ಸು

ಅಂಗಡಿಯಲ್ಲಿ ಸಿಗುವ ಫಾರಂ ಮೊಟ್ಟೆಯಿಂದ ಈ ಕೆಲಸ ಆಗುವುದಿಲ್ಲ, ಏಕೆಂದರೆ ಅದಕ್ಕೆ ಹುಂಜದ ಸಂಪರ್ಕವೇ ಇರುವುದಿಲ್ಲ. ಮರಿ ಮಾಡಿಸುವ ಹ್ಯಾಚರಿಯಿಂದ ಫಲಿತ ಮೊಟ್ಟೆಯನ್ನೇ ತರಬೇಕು. ತಂದ ಮೊಟ್ಟೆಗಳನ್ನು ತಂಪಾದ ಜಾಗದಲ್ಲಿ ಇಟ್ಟು ಒಂದು ವಾರದೊಳಗೆ ಬಳಸಿ. ಹಳೆಯದಾದಷ್ಟೂ ಭ್ರೂಣಗಳ ಬೆಳವಣಿಗೆ ಒಂದರಂತೆ ಒಂದು ಇರುವುದಿಲ್ಲ. ಕಾವುಪೆಟ್ಟಿಗೆಯನ್ನು ಸುಮಾರು 37.5ರಿಂದ 38 ಡಿಗ್ರಿ ಸೆಲ್ಸಿಯಸ್‌ನಲ್ಲಿಟ್ಟು, ಗಾಳಿಯಲ್ಲಿ ಸಾಕಷ್ಟು ತೇವ ಕಾಯ್ದುಕೊಂಡು, ಮೊಟ್ಟೆಗಳನ್ನು ದಿನಕ್ಕೆ ಹಲವು ಬಾರಿ ಹೊರಳಿಸಬೇಕು. ನಾಲ್ಕನೆಯ ದಿನದ ಹೊತ್ತಿಗೆ ಕತ್ತಲ ಕೋಣೆಯಲ್ಲಿ ಮೊಟ್ಟೆಯನ್ನು ಬೆಳಕಿಗೆ ಹಿಡಿದರೆ, ಜೇಡರ ಬಲೆಯಂತೆ ಹರಡಿದ ಕೆಂಪು ರಕ್ತನಾಳಗಳೂ ಅವುಗಳ ನಡುವೆ ಕಪ್ಪು ಚುಕ್ಕೆಯಂಥ ಕಣ್ಣೂ ಕಾಣುತ್ತವೆ. ಹಾಗೆ ಕಾಣದ ಮೊಟ್ಟೆಗಳನ್ನು ಅಂದೇ ಬದಿಗಿಡಿ.

ಇಲ್ಲಿ ಹೆಚ್ಚಿನವರು ಎಡವುವುದು ವಯಸ್ಸಿನ ಲೆಕ್ಕದಲ್ಲಿ. ಕಾವಿಗೆ ಇಟ್ಟ ದಿನವನ್ನು ಕೆಲವರು ಸೊನ್ನೆ ಎಂದು ಎಣಿಸುತ್ತಾರೆ, ಕೆಲವರು ಒಂದು ಎಂದು. ಪೆಟ್ಟಿಗೆಯ ಮೂಲೆಯಲ್ಲಿದ್ದ ಮೊಟ್ಟೆ ನಡುವಿನದಕ್ಕಿಂತ ಅರ್ಧ ದಿನ ಹಿಂದೆ ಬಿದ್ದಿರಬಹುದು. ನಾವು ಹುಡುಕುತ್ತಿರುವ ಬದಲಾವಣೆಯೇ ಒಂದು ದಿನದೊಳಗೆ ನಡೆಯುವಾಗ ಅರ್ಧ ದಿನದ ತಪ್ಪು ಇಡೀ ತೀರ್ಮಾನವನ್ನು ಕೆಡಿಸುತ್ತದೆ. ಆದ್ದರಿಂದ ಗಡಿಯಾರವನ್ನು ನಂಬದೆ ಭ್ರೂಣದ ಮೈಯನ್ನೇ ನೋಡಿ ವಯಸ್ಸು ಹೇಳುವುದನ್ನು ರೂಢಿ ಮಾಡಿಕೊಳ್ಳಿ. ವಿಕ್ಟರ್ ಹ್ಯಾಂಬರ್ಗರ್ ಮತ್ತು ಹೋವರ್ಡ್ ಹ್ಯಾಮಿಲ್ಟನ್ 1951ರಲ್ಲಿ ಪ್ರಕಟಿಸಿದ ಪಟ್ಟಿ ಕೋಳಿ ಭ್ರೂಣದ ಬೆಳವಣಿಗೆಯನ್ನು 46 ಘಟ್ಟಗಳಾಗಿ ವಿಂಗಡಿಸುತ್ತದೆ. ಅದರಲ್ಲಿ 4 ದಿನದ ಭ್ರೂಣ ಸುಮಾರು 24ನೇ ಘಟ್ಟಕ್ಕೂ, 6 ದಿನದ್ದು 28–29ಕ್ಕೂ, 7 ದಿನದ್ದು 30–31ಕ್ಕೂ, 8 ದಿನದ್ದು 34ಕ್ಕೂ ಹೊಂದುತ್ತದೆ. ರೆಕ್ಕೆ ಮತ್ತು ಕಾಲಿನ ಮೊಗ್ಗುಗಳ ಆಕಾರ, ಬೆರಳುಗಳ ನಡುವಿನ ಗೀರು, ಕೊಕ್ಕಿನ ಚಾಚು, ಇವನ್ನು ನೋಡಿ ಘಟ್ಟವನ್ನು ನಿರ್ಧರಿಸಿ, ಪುಸ್ತಕದಲ್ಲಿ ದಿನ ಮತ್ತು ಘಟ್ಟ ಎರಡನ್ನೂ ಬರೆಯಿರಿ.

ಹಂತ 2: ಮಿದುಳುಕಾಂಡವನ್ನು ನರದ ಸಮೇತ ಬಿಡಿಸುವುದು

ನಿಮ್ಮ ಸಂಸ್ಥೆಯ ಪ್ರಾಣಿಪ್ರಯೋಗ ಸಮಿತಿಯ ನಿಯಮಗಳನ್ನು ಮೊದಲೇ ತಿಳಿದು, ಬೇಕಾದ ಅನುಮತಿ ಪಡೆದ ಮೇಲೆಯೇ ಮೊಟ್ಟೆ ಒಡೆಯಿರಿ. ಭ್ರೂಣದ ತಲೆಯನ್ನು ಬೇಗನೆ ಬೇರ್ಪಡಿಸಿ ಆಮ್ಲಜನಕ ಹಾಯಿಸಿದ ರಿಂಗರ್ ದ್ರಾವಣದಲ್ಲಿ, ಅಂದರೆ ದೇಹದ್ರವವನ್ನು ಹೋಲುವ ಲವಣದ ನೀರಿನಲ್ಲಿ, ಇಡಬೇಕು. ಕೋಳಿ ಭ್ರೂಣಕ್ಕೆ ಟೋಕಿಯೊ ಗುಂಪು ಬಳಸಿದ ದ್ರಾವಣದಲ್ಲಿ, ಪ್ರತಿ ಲೀಟರಿಗೆ ಮಿಲಿಮೋಲ್ ಲೆಕ್ಕದಲ್ಲಿ, ಸೋಡಿಯಂ ಕ್ಲೋರೈಡ್ 138, ಪೊಟ್ಯಾಸಿಯಂ ಕ್ಲೋರೈಡ್ 5.4, ಕ್ಯಾಲ್ಸಿಯಂ ಕ್ಲೋರೈಡ್ 1.8, ಮೆಗ್ನೀಸಿಯಂ ಕ್ಲೋರೈಡ್ 0.5, ಗ್ಲೂಕೋಸ್ 10 ಇರುತ್ತವೆ. ಟ್ರಿಸ್ ಬಫರ್‌ನಿಂದ ಆಮ್ಲೀಯತೆಯನ್ನು ದೇಹದ ಮಟ್ಟಕ್ಕೆ ಹೊಂದಿಸಲಾಗುತ್ತದೆ. ಈ ಪಟ್ಟಿಯಲ್ಲಿ ಎಲ್ಲಕ್ಕಿಂತ ಚಿಕ್ಕದಾಗಿ ಕಾಣುವ ಆ 0.5 ಎಂಬ ಅಂಕಿಯನ್ನು ನೆನಪಿಟ್ಟುಕೊಳ್ಳಿ.

ಸೂಕ್ಷ್ಮದರ್ಶಕದ ಕೆಳಗೆ ಮೃದ್ವಸ್ಥಿಯನ್ನೂ ಸುತ್ತಲಿನ ಅಂಗಾಂಶವನ್ನೂ ಸರಿಸುತ್ತಾ ವೇಗಸ್ ನರವನ್ನು ಬುಡದಿಂದ ಹೊರಕ್ಕೆ ಹಿಂಬಾಲಿಸಿ. ಏಳು ದಿನದ ಭ್ರೂಣದಲ್ಲಿ ಅದು ಒದ್ದೆ ಹತ್ತಿಯ ನೂಲಿನಂತೆ ಇರುತ್ತದೆ. ಎಳೆದರೆ ಮಿದುಳಿನಿಂದ ಕಿತ್ತೇ ಬರುತ್ತದೆ. ಆದ್ದರಿಂದ ನರವನ್ನು ಎಳೆಯಬೇಡಿ, ಅದರ ಸುತ್ತಲಿನದನ್ನು ಎಳೆಯಿರಿ. ಮಿದುಳಿನ ಮೇಲಿನ ತೆಳು ಪೊರೆಯನ್ನು ಮೊನಚಾದ ಚಿಮುಟದಿಂದ ಸುಲಿಯಬೇಕು, ಇಲ್ಲದಿದ್ದರೆ ಬಣ್ಣ ಒಳಗೆ ಇಳಿಯುವುದಿಲ್ಲ. ಬಿಡಿಸಿದ ಮಿದುಳುಕಾಂಡವನ್ನು ಇಡಿಯಾಗಿಯೇ ಸಿಲಿಕೋನ್ ತಳದ ತೊಟ್ಟಿಯಲ್ಲಿ ಸಣ್ಣ ಟಂಗ್‌ಸ್ಟನ್ ತಂತಿಗಳಿಂದ ನಿಲ್ಲಿಸಬಹುದು, ಇಲ್ಲವೇ ನರ ಅಂಟಿಕೊಂಡಿರುವ ಭಾಗದಲ್ಲಿ ಅಡ್ಡಲಾಗಿ ದಪ್ಪ ಬಿಲ್ಲೆ ಕತ್ತರಿಸಿಕೊಳ್ಳಬಹುದು. ಇಡಿಯಾದ ಮಿದುಳುಕಾಂಡದಲ್ಲಿ ಕ್ರಿಯೆ ಹರಡುವ ಭೂಪಟ ಸಿಗುತ್ತದೆ, ಬಿಲ್ಲೆಯಲ್ಲಿ ಯಾವ ಕೇಂದ್ರ ಯಾವುದು ಎಂಬುದು ಸ್ಪಷ್ಟವಾಗುತ್ತದೆ. ಹೊಸಬರು ಬಿಲ್ಲೆಯಿಂದ ಆರಂಭಿಸುವುದು ಒಳ್ಳೆಯದು ಎಂಬುದು ನನ್ನ ಅಭಿಪ್ರಾಯ.

ಹಂತ 3: ಬಣ್ಣ ಮತ್ತು ಬೆಳಕು

ಭ್ರೂಣದ ನರಕೋಶ ಎಷ್ಟು ಚಿಕ್ಕದು, ಎಷ್ಟು ನಾಜೂಕು ಎಂದರೆ, ಗಾಜಿನ ಸೂಜಿಯಂಥ ವಿದ್ಯುದ್ವಾರವನ್ನು ಚುಚ್ಚಿದರೆ ಅಳೆಯುವ ಮೊದಲೇ ಕೋಶ ಹಾಳಾಗುವ ಸಾಧ್ಯತೆ ಹೆಚ್ಚು. ಒಂದು ಕೋಶ ಉಳಿದುಕೊಂಡರೂ ಅದು ಒಂದು ಬಿಂದುವಿನ ಸುದ್ದಿ ಮಾತ್ರ. ಕೆಲಸ ಆರಂಭವಾದ ಜಾಗ ಯಾವುದೆಂದು ಮೊದಲೇ ಗೊತ್ತಿಲ್ಲದಾಗ ಒಂದೊಂದೇ ಬಿಂದುವನ್ನು ಹುಡುಕುವುದು ಹುಲ್ಲಿನ ಬಣವೆಯಲ್ಲಿ ಸೂಜಿ ಹುಡುಕಿದಂತೆ. ವೋಲ್ಟೇಜ್ ಸಂವೇದಿ ಬಣ್ಣ ಈ ಎರಡೂ ತೊಡಕುಗಳನ್ನು ದಾಟಿಸುತ್ತದೆ. ಎಳೆಯ ಅಂಗಾಂಶದಲ್ಲಿ ಕೋಶಗಳ ನಡುವಿನ ಬಂಧ ಸಡಿಲವಾಗಿರುವುದರಿಂದ ಬಣ್ಣ ಆಳಕ್ಕೆ ಇಳಿಯುತ್ತದೆ, ಅಂಗಾಂಶ ಅರೆಪಾರದರ್ಶಕವಾಗಿರುವುದರಿಂದ ಬೆಳಕು ಹಾದು ಹೊರಬರುತ್ತದೆ. ವಯಸ್ಕ ಮಿದುಳಿನಲ್ಲಿ ಕಷ್ಟವಾಗುವುದು ಭ್ರೂಣದಲ್ಲಿ ಸುಲಭವಾಗುವ ಅಪರೂಪದ ಸಂದರ್ಭಗಳಲ್ಲಿ ಇದೂ ಒಂದು.

ಎನ್‌ಕೆ2761 ಎಂಬ ಮೆರೊಸಯನೀನ್-ರೋಡನೀನ್ ಬಣ್ಣ ಈ ಕೆಲಸಕ್ಕೆ ಚೆನ್ನಾಗಿ ಒಗ್ಗುತ್ತದೆ. ಪ್ರತಿ ಮಿಲಿಲೀಟರಿಗೆ 0.2 ಮಿಲಿಗ್ರಾಂನಷ್ಟು ಬಣ್ಣ ಕರಗಿಸಿದ ದ್ರಾವಣದಲ್ಲಿ ಅಂಗಾಂಶವನ್ನು ಸುಮಾರು 20 ನಿಮಿಷ ನೆನೆಸಿ, ಬಳಿಕ ಹೆಚ್ಚಿನದನ್ನು ತೊಳೆಯಬೇಕು. ಆಮೇಲೆ ಸುಮಾರು 700 ನ್ಯಾನೊಮೀಟರ್ ತರಂಗಾಂತರದ ಬೆಳಕನ್ನು ಕೆಳಗಿನಿಂದ ಹಾಯಿಸಿ, ಮೇಲೆ ಬರುವ ಬೆಳಕನ್ನು ಫೋಟೊಡಯೋಡ್‌ಗಳ ಜಾಲದ ಮೇಲೆ ಬೀಳಿಸುತ್ತೇವೆ. ಮೊದಲ ದಿನಗಳ ಉಪಕರಣದಲ್ಲಿ 12 ಸಾಲು, 12 ಕಂಬಗಳಂತೆ 144 ಡಯೋಡ್‌ಗಳಿದ್ದವು. ಮುಂದಿನ ಉಪಕರಣದಲ್ಲಿ ಆ ಸಂಖ್ಯೆ 1020ಕ್ಕೆ ಏರಿತು. ನಾವು ಅಳೆಯಬೇಕಾದ ಬದಲಾವಣೆ ಒಟ್ಟು ಬೆಳಕಿನ ಸಾವಿರದ ಒಂದು ಭಾಗ, ಕೆಲವೊಮ್ಮೆ ಹತ್ತು ಸಾವಿರದ ಒಂದು ಭಾಗ. ಪಕ್ಕದ ಕೋಣೆಯಲ್ಲಿ ಬಾಗಿಲು ಬಡಿದರೂ ಅದಕ್ಕಿಂತ ದೊಡ್ಡ ಅಲೆ ಏಳುತ್ತದೆ. ಆದ್ದರಿಂದ ಕಂಪನ ತಡೆಯುವ ಮೇಜು, ಏರಿಳಿತವಿಲ್ಲದ ವಿದ್ಯುತ್ ಮೂಲದ ದೀಪ, ಅಳೆಯುವಾಗ ಮಾತ್ರ ತೆರೆಯುವ ಷಟರ್, ಇವು ಮೂರೂ ಇಲ್ಲದೆ ಮುಂದಕ್ಕೆ ಹೋಗಬೇಡಿ.

ಒಂದು ಎಚ್ಚರಿಕೆ. ಈ ವಿಧಾನ ಮಿಲಿವೋಲ್ಟ್‌ಗಳನ್ನು ಹೇಳುವುದಿಲ್ಲ. ಒಂದು ಡಯೋಡಿನ ಎದುರು ಎಷ್ಟು ಕೋಶಗಳಿವೆ, ಅವುಗಳ ಪೊರೆ ಎಷ್ಟು ವಿಸ್ತಾರ, ಎಷ್ಟು ಬಣ್ಣ ಹಿಡಿದಿದೆ, ವೋಲ್ಟೇಜ್ ಎಷ್ಟು ಬದಲಾಯಿತು, ಎಲ್ಲವೂ ಕೂಡಿ ಒಂದೇ ಅಂಕಿಯಾಗಿ ಬರುತ್ತದೆ. ಎಂಟು ದಿನದ ಭ್ರೂಣದಲ್ಲಿ ಸಂಕೇತ ಏಳು ದಿನದ್ದಕ್ಕಿಂತ ಎರಡು ಪಟ್ಟು ದೊಡ್ಡದಾಗಿ ಕಂಡರೆ ಸಿನಾಪ್ಸ್ ಎರಡು ಪಟ್ಟು ಬಲವಾಯಿತೆಂದು ಹೇಳಲು ಬರುವುದಿಲ್ಲ, ಕೋಶಗಳೇ ಹೆಚ್ಚಾಗಿರಬಹುದು.

ಹಂತ 4: ಸ್ಪಂದನ ಕೊಟ್ಟು ಅಲೆಯನ್ನು ಓದುವುದು

ನರದ ಕತ್ತರಿಸಿದ ತುದಿಯನ್ನು ಗಾಜಿನ ಸಣ್ಣ ನಳಿಗೆಯೊಳಕ್ಕೆ ಮೆಲ್ಲನೆ ಹೀರಿಕೊಂಡು, ಅದರ ಮೂಲಕ ಕೆಲವು ಮೈಕ್ರೊಆಂಪಿಯರ್‌ಗಳ, ಕೆಲವು ಮಿಲಿಸೆಕೆಂಡ್ ಉದ್ದದ ಒಂದೇ ಒಂದು ಸ್ಪಂದನ ಕೊಡಿ. ಪರದೆಯ ಮೇಲೆ ನೂರಾರು ಪುಟ್ಟ ಗೆರೆಗಳು ಒಮ್ಮೆಗೇ ಮೂಡುತ್ತವೆ. ಎಂಟು ದಿನದ ಭ್ರೂಣದಲ್ಲಿ ಎನ್‌ಟಿಎಸ್ ಮೇಲಿನ ಗೆರೆಯೊಂದನ್ನು ಹಿಗ್ಗಿಸಿ ನೋಡಿದರೆ, ಸ್ಪಂದನದ ಬೆನ್ನಿಗೇ ಚೂಪಾದ ಒಂದು ಮೊನೆ ಏರಿ ಇಳಿಯುತ್ತದೆ. ಅದು ಪೂರ್ತಿ ಇಳಿಯುವ ಮೊದಲೇ ಅದರ ಹೆಗಲ ಮೇಲಿಂದ ಅಗಲವಾದ, ನಿಧಾನವಾದ ಮತ್ತೊಂದು ಉಬ್ಬು ಎದ್ದು, ನೂರಾರು ಮಿಲಿಸೆಕೆಂಡ್‌ಗಳವರೆಗೆ ನಿಂತು, ಮೆಲ್ಲನೆ ತಳಕ್ಕೆ ಮರಳುತ್ತದೆ. ಚೂಪಾದದ್ದು ಬಂದ ಎಳೆಗಳ ಆಕ್ಷನ್ ಪೊಟೆನ್ಷಿಯಲ್, ಅಂದರೆ ತಲುಪಿದ ಸುದ್ದಿ. ಅಗಲವಾದದ್ದು ಎದುರಿನ ಕೋಶಗಳ ಉತ್ತರ. ಈ ಎರಡನ್ನೂ ಒಂದೇ ಗೆರೆಯಲ್ಲಿ ಮೊದಲ ಬಾರಿ ಬೇರ್ಪಡಿಸಿ ನೋಡಿದವರಿಗೆ ಈ ಕ್ಷೇತ್ರವನ್ನು ಬಿಟ್ಟುಹೋಗಲು ಮನಸ್ಸಾಗುವುದಿಲ್ಲ.

ಇಲ್ಲಿ ಒಂದು ಬಲೆ ಇದೆ. ವೇಗಸ್ ನರದಲ್ಲಿ ಒಳಕ್ಕೆ ಹೋಗುವ ಸಂವೇದನಾ ಎಳೆಗಳ ಜೊತೆಗೆ ಹೊರಕ್ಕೆ ಬರುವ ಚಾಲಕ ಎಳೆಗಳೂ ಇವೆ. ಸ್ಪಂದನ ಕೊಟ್ಟಾಗ ಚಾಲಕ ಎಳೆಗಳಲ್ಲಿ ಸುದ್ದಿ ಹಿಮ್ಮುಖವಾಗಿ ಓಡಿ, ವೇಗಸ್‌ನ ಚಾಲಕ ಕೇಂದ್ರದ ಕೋಶಗಳನ್ನೇ ಎಬ್ಬಿಸುತ್ತದೆ. ಅಲ್ಲಿಯೂ ಚೂಪಾದ ಮೊನೆ ಕಾಣುತ್ತದೆ, ಆದರೆ ಅದರಲ್ಲಿ ಸಿನಾಪ್ಸ್‌ನ ಪಾತ್ರವಿಲ್ಲ. ಕೋಳಿ ಭ್ರೂಣದಲ್ಲಿ ಇಂಥ ಚೂಪಾದ ಸಂಕೇತಗಳು 4ನೇ ದಿನಕ್ಕೇ ಸಿಗುತ್ತವೆ. ಅವನ್ನು ನೋಡಿ ಸಂವೇದನಾ ಮಾರ್ಗ ಕೆಲಸ ಆರಂಭಿಸಿತು ಎಂದುಕೊಂಡರೆ ಮೂರು ದಿನ ಮೊದಲೇ ಗಂಟೆ ಬಾರಿಸಿದಂತಾಗುತ್ತದೆ. ಬಿಲ್ಲೆಯ ಚಿತ್ರದ ಮೇಲೆ ಡಯೋಡ್‌ಗಳ ಜಾಲವನ್ನು ಹೊಂದಿಸಿ, ನಿಧಾನ ಅಲೆ ಯಾವ ಚೌಕಗಳಲ್ಲಿ ಇದೆ, ಚೂಪಾದ ಮೊನೆ ಮಾತ್ರ ಯಾವ ಚೌಕಗಳಲ್ಲಿ ಇದೆ ಎಂದು ಗುರುತಿಸಿ. ನಿಧಾನ ಅಲೆಯ ಜಾಗ ಎನ್‌ಟಿಎಸ್‌ಗೆ ಹೊಂದುತ್ತದೆ.

ಹಂತ 5: ನಿಧಾನ ಅಲೆ ಸಿನಾಪ್ಸಿನದೇ ಎಂದು ಸಾಬೀತುಪಡಿಸುವುದು

ಅಗಲವಾದ ಉಬ್ಬು ಕಂಡ ಕೂಡಲೇ ಹಿಗ್ಗಬೇಡಿ. ಅಂಗಾಂಶ ಅಲುಗಿದರೂ, ಬಣ್ಣ ಬೆಳಕಿಗೆ ಮಾಸಿದರೂ ನಿಧಾನ ಅಲೆಗಳು ಏಳುತ್ತವೆ. ಮೊದಲು ಬಣ್ಣ ಹಾಕದ ಅಂಗಾಂಶದಲ್ಲಿ, ಬಳಿಕ ಬಣ್ಣ ಪ್ರತಿಕ್ರಿಯಿಸದ ತರಂಗಾಂತರದಲ್ಲಿ ಅದೇ ಅಳತೆ ಮಾಡಿ. ಅಲೆ ಉಳಿದರೆ ಅದು ವೋಲ್ಟೇಜ್‌ನದಲ್ಲ.

ಅದು ದಾಟಿದ ಮೇಲೆ ರಾಸಾಯನಿಕ ಪರೀಕ್ಷೆಗಳು. ದ್ರಾವಣದಿಂದ ಕ್ಯಾಲ್ಸಿಯಂ ತೆಗೆದರೆ, ಇಲ್ಲವೇ ಮ್ಯಾಂಗನೀಸ್ ಅಥವಾ ಕ್ಯಾಡ್ಮಿಯಂ ಅಯಾನುಗಳನ್ನು ಸೇರಿಸಿದರೆ ಎಳೆಯ ತುದಿಯಿಂದ ಸಂದೇಶವಾಹಕ ಹೊರಬರುವುದು ನಿಲ್ಲುತ್ತದೆ; ನಿಧಾನ ಅಲೆ ಅಳಿಸಿಹೋಗಿ ಚೂಪಾದ ಮೊನೆ ಉಳಿಯಬೇಕು. ಆಕ್ಷನ್ ಪೊಟೆನ್ಷಿಯಲನ್ನೇ ತಡೆಯುವ ಟೆಟ್ರೋಡೋಟಾಕ್ಸಿನ್ ಹಾಕಿದರೆ ಎರಡೂ ಹೋಗಬೇಕು, ಏಕೆಂದರೆ ಸುದ್ದಿಯೇ ತಲುಪುವುದಿಲ್ಲ. ಇದು ಮಾರಕ ವಿಷವಾದ್ದರಿಂದ ಕೈಗವಸು, ದಾಸ್ತಾನು ಪುಸ್ತಕ, ವಿಲೇವಾರಿ ಕ್ರಮಗಳಲ್ಲಿ ಯಾವ ಸಡಿಲಿಕೆಯೂ ಬೇಡ. ಬಳಿಕ ಸಂದೇಶವಾಹಕ ಯಾವುದೆಂಬ ಪ್ರಶ್ನೆ. ಎನ್‌ಟಿಎಸ್‌ನ ನಿಧಾನ ಅಲೆಯನ್ನು, ಗ್ಲುಟಮೇಟ್ ಎಂಬ ಸಂದೇಶವಾಹಕದ ಗ್ರಾಹಿಗಳನ್ನು ತಡೆಯುವ ಕೈನ್ಯುರೆನಿಕ್ ಆಮ್ಲ ಅಳಿಸುತ್ತದೆ. ಇನ್ನೂ ಬಿಡಿಸಿ ನೋಡಲು, ಎನ್‌ಎಂಡಿಎ ಬಗೆಯ ಗ್ರಾಹಿಗಳನ್ನು ತಡೆಯುವ ಎಪಿವಿ, ಉಳಿದ ಗ್ಲುಟಮೇಟ್ ಗ್ರಾಹಿಗಳನ್ನು ತಡೆಯುವ ಸಿಎನ್‌ಕ್ಯೂಎಕ್ಸ್, ಇವೆರಡನ್ನು ಬೇರೆ ಬೇರೆಯಾಗಿಯೂ ಒಟ್ಟಾಗಿಯೂ ಹಾಕಬೇಕು. ಪ್ರತಿ ಔಷಧದ ನಂತರ ತೊಳೆದು, ಅಲೆ ಮರಳಿತೇ ಎಂದು ನೋಡುವುದು ಕಡ್ಡಾಯ. ಮರಳದ ಅಲೆಯಿಂದ ಔಷಧ ತಡೆಯಿತೋ, ಅಂಗಾಂಶ ಸತ್ತಿತೋ ತಿಳಿಯುವುದಿಲ್ಲ.

ಏಳು ದಿನದ ಭ್ರೂಣದಲ್ಲಿ ಮತ್ತೊಂದು ಸೂಕ್ಷ್ಮವಿದೆ. ಹೊಸದಾಗಿ ಕೆಲಸ ಕಲಿತ ಸಿನಾಪ್ಸ್ ಬೇಗ ದಣಿಯುತ್ತದೆ. ಮೊದಲ ಸ್ಪಂದನಕ್ಕೆ ಬಂದ ಉತ್ತರ, ಬೆನ್ನುಬೆನ್ನಿಗೆ ಸ್ಪಂದನ ಕೊಡುತ್ತ ಹೋದರೆ ಕುಗ್ಗುತ್ತ ಕಾಣದಂತಾಗುತ್ತದೆ. ಗದ್ದಲ ತಗ್ಗಿಸಲೆಂದು ಹತ್ತಾರು ಸ್ಪಂದನಗಳ ಸರಾಸರಿ ತೆಗೆಯುವ ಅಭ್ಯಾಸ ಇರುವವರು ಇಲ್ಲಿ ತಾವೇ ಆ ಉತ್ತರವನ್ನು ಅಳಿಸಿಹಾಕುತ್ತಾರೆ. ಒಂದೇ ಸ್ಪಂದನದ ದಾಖಲೆಯನ್ನು ಓದುವಷ್ಟು ಉಪಕರಣವನ್ನು ಸ್ತಬ್ಧಗೊಳಿಸಿ. ಸ್ಪಂದನಗಳ ನಡುವೆ ನಿಮಿಷಗಳಷ್ಟು ಬಿಡುವು ಕೊಡಿ.

ಹಂತ 6: ಮೆಗ್ನೀಸಿಯಂ ತೆಗೆದು ಮತ್ತೆ ಕೇಳುವುದು

ಈಗ ಆರನೆಯ ದಿನಕ್ಕೆ ಹಿಂದಿರುಗೋಣ. ಸಾಮಾನ್ಯ ರಿಂಗರ್ ದ್ರಾವಣದಲ್ಲಿ ಚೂಪಾದ ಮೊನೆ ಇದೆ, ನಿಧಾನ ಅಲೆ ಇಲ್ಲ. ಇಲ್ಲಿಗೆ ನಿಲ್ಲಿಸಿದ್ದರೆ ಆರನೆಯ ದಿನ ಸಿನಾಪ್ಸ್ ಇಲ್ಲ ಎಂದೇ ಬರೆಯುತ್ತಿದ್ದೆವು. ನೆನಪಿಟ್ಟುಕೊಳ್ಳಲು ಹೇಳಿದ್ದ ಆ 0.5 ಮಿಲಿಮೋಲ್ ಮೆಗ್ನೀಸಿಯಂ ಇಲ್ಲಿ ಕೆಲಸಕ್ಕೆ ಬರುತ್ತದೆ. ಎನ್‌ಎಂಡಿಎ ಗ್ರಾಹಿಯ ನಡುವಿನ ಕಾಲುವೆಯಲ್ಲಿ, ಕೋಶ ವಿಶ್ರಾಂತಿಯಲ್ಲಿರುವಾಗ, ಹೊರಗಿನ ಮೆಗ್ನೀಸಿಯಂ ಅಯಾನು ಬಿರಡೆಯಂತೆ ಸಿಕ್ಕಿಕೊಂಡಿರುತ್ತದೆ ಎಂಬುದು 1984ರಲ್ಲಿ ಎರಡು ಗುಂಪುಗಳ ಕೆಲಸದಿಂದ ಬೇರೆ ಬೇರೆಯಾಗಿ ತಿಳಿಯಿತು. ಗ್ಲುಟಮೇಟ್ ಬಂದು ಬಾಗಿಲು ತಟ್ಟಿ, ಬಾಗಿಲು ತೆರೆದರೂ ದಾರಿಯಲ್ಲಿ ಬಿರಡೆ ಇರುವುದರಿಂದ ಅಯಾನುಗಳು ಹರಿಯುವುದಿಲ್ಲ. ಕೋಶದ ವೋಲ್ಟೇಜ್ ಬೇರೆ ಯಾವುದೋ ಕಾರಣಕ್ಕೆ ಮೊದಲೇ ಏರಿದ್ದರೆ ಮಾತ್ರ ಬಿರಡೆ ಹೊರಕ್ಕೆ ತಳ್ಳಲ್ಪಡುತ್ತದೆ. ಬೆಳೆದ ಸಿನಾಪ್ಸ್‌ನಲ್ಲಿ ಆ ಮೊದಲ ಏರಿಕೆಯನ್ನು ಎನ್‌ಎಂಡಿಎ ಅಲ್ಲದ ಗ್ಲುಟಮೇಟ್ ಗ್ರಾಹಿಗಳು ಒದಗಿಸುತ್ತವೆ.

ಆದ್ದರಿಂದ ಮೆಗ್ನೀಸಿಯಂ ಇಲ್ಲದ ರಿಂಗರ್ ದ್ರಾವಣವನ್ನು ತಯಾರಿಸಿ, ತೊಟ್ಟಿಯಲ್ಲಿ ಹಳೆಯದರ ಕುರುಹೂ ಉಳಿಯದಂತೆ ಹಲವು ಬಾರಿ ಬದಲಾಯಿಸಿ, ಅಂಗಾಂಶದ ಆಳದಿಂದಲೂ ಅದು ತೊಳೆದುಹೋಗುವಷ್ಟು ಕಾದು, ಅದೇ ನರಕ್ಕೆ ಅದೇ ಸ್ಪಂದನ ಕೊಡಿ. ಆರು ದಿನದ ಭ್ರೂಣದಲ್ಲಿ, ಅಲ್ಲಿಯವರೆಗೆ ಬರಿ ಚೂಪಾದ ಮೊನೆ ಇದ್ದ ಚೌಕಗಳಲ್ಲಿ, ನಿಧಾನ ಅಲೆ ಎದ್ದು ಬರುತ್ತದೆ. ಟೋಕಿಯೊ ಗುಂಪು ಇದನ್ನು ಸುಪ್ತ ಸಿನಾಪ್ಸ್ ಕ್ರಿಯೆ ಎಂಬರ್ಥದಲ್ಲಿ ವಿವರಿಸಿತು. ಎಳೆ ತಲುಪಿದೆ, ಗ್ಲುಟಮೇಟ್ ಸುರಿಯುತ್ತಿದೆ, ಎದುರಿಗೆ ಗ್ರಾಹಿಯೂ ನಿಂತಿದೆ. ಕೊರತೆ ಇರುವುದು ಬಿರಡೆಯನ್ನು ಸರಿಸುವ ಏರಿಕೆಯದು. ನಾವು ಆರಂಭದಲ್ಲಿ ಬಿಡಿಸಿಟ್ಟ ಎರಡನೆಯ ಮತ್ತು ಮೂರನೆಯ ಪ್ರಶ್ನೆಗಳಿಗೆ ಉತ್ತರ ಸಿಕ್ಕಿದ್ದು ಇಲ್ಲಿ, ಅದೂ ನಾಲ್ಕನೆಯದಕ್ಕೆ ಇಲ್ಲ ಎಂಬ ಉತ್ತರ ಬಂದ ದಿನದ ಭ್ರೂಣದಲ್ಲೇ.

ಆದರೆ ಮೆಗ್ನೀಸಿಯಂ ತೆಗೆಯುವುದು ಎನ್‌ಎಂಡಿಎ ಗ್ರಾಹಿಯನ್ನು ಮಾತ್ರ ಮುಟ್ಟುವ ಕ್ರಮವಲ್ಲ. ಅದರಿಂದ ನರಕೋಶಗಳ ಉದ್ರೇಕಶೀಲತೆ ಒಟ್ಟಾರೆ ಹೆಚ್ಚುತ್ತದೆ, ಎಳೆಯ ತುದಿಯಿಂದ ಸುರಿಯುವ ಗ್ಲುಟಮೇಟ್ ಪ್ರಮಾಣವೂ ಹೆಚ್ಚಬಹುದು. ಹಾಗಾಗಿ ಎರಡು ಪರೀಕ್ಷೆಗಳನ್ನು ಕೂಡಿಸಲೇಬೇಕು. ಮೆಗ್ನೀಸಿಯಂ ಇಲ್ಲದ ದ್ರಾವಣಕ್ಕೆ ಎಪಿವಿ ಹಾಕಿದಾಗ ಹೊಸದಾಗಿ ಎದ್ದ ಅಲೆ ಅಳಿಯಬೇಕು. ಮೆಗ್ನೀಸಿಯಂ ಮರಳಿ ಸೇರಿಸಿದಾಗಲೂ ಅಲೆ ಅಳಿದು, ಮತ್ತೆ ತೆಗೆದಾಗ ಏಳಬೇಕು. ಈ ಏರಿಳಿತ ಒಂದೇ ಅಂಗಾಂಶದಲ್ಲಿ ಎರಡು ಸುತ್ತು ಸಿಕ್ಕರೆ ನಿಶ್ಚಿಂತೆಯಿಂದ ಬರೆದುಕೊಳ್ಳಿ. ಐದನೆಯ ದಿನದ ಭ್ರೂಣದಲ್ಲೂ ಇದೇ ಪರೀಕ್ಷೆ ಮಾಡಿ, ಅಲ್ಲಿ ಅಲೆ ಬಾರದಿದ್ದರೆ "ಸಿನಾಪ್ಸ್ ಇಲ್ಲ" ಎಂದು ಬರೆಯದೆ "ಮೆಗ್ನೀಸಿಯಂ ತೆಗೆದಾಗಲೂ ಕಾಣಲಿಲ್ಲ" ಎಂದು ಬರೆಯಿರಿ. ಈ ಎರಡು ವಾಕ್ಯಗಳ ನಡುವಿನ ವ್ಯತ್ಯಾಸಕ್ಕಾಗಿಯೇ ಇಷ್ಟೆಲ್ಲ ಶ್ರಮ.

ಗ್ಯಾಬಾ ಎಂಬ ಸಂದೇಶವಾಹಕವನ್ನು ಮರೆಯಬಾರದು. ವಯಸ್ಕ ಮಿದುಳಿನಲ್ಲಿ ಅದು ಕೋಶಗಳನ್ನು ತಣಿಸುತ್ತದೆ. ಎಳೆಯ ನರಕೋಶಗಳ ಒಳಗೆ ಕ್ಲೋರೈಡ್ ಹೆಚ್ಚಿರುವುದರಿಂದ ಅದೇ ಗ್ಯಾಬಾ ವೋಲ್ಟೇಜನ್ನು ಏರಿಸಬಲ್ಲದು. ಬಿರಡೆಯನ್ನು ಸರಿಸುವ ಏರಿಕೆ ಆ ಕಡೆಯಿಂದಲೂ ಬರಬಹುದು. ಆದ್ದರಿಂದ ಗ್ಯಾಬಾ ಗ್ರಾಹಿಗಳನ್ನು ತಡೆಯುವ ಬೈಕುಕುಲಿನ್ ಅಥವಾ ಪಿಕ್ರೊಟಾಕ್ಸಿನ್ ಹಾಕಿ ಅದರ ಪಾಲು ಎಷ್ಟೆಂದು ನೋಡಿಕೊಳ್ಳುವುದು ಉತ್ತಮ.

ಹಂತ 7: ದಿನಗಳನ್ನು ಜೋಡಿಸುವುದು

ದಾಖಲೆಗಳನ್ನು ಘಟ್ಟದ ಕ್ರಮದಲ್ಲಿ ಸಾಲಾಗಿ ಇಟ್ಟಾಗ ಕಥೆ ತಾನಾಗಿ ಬಿಚ್ಚಿಕೊಳ್ಳುತ್ತದೆ. 4ನೇ ದಿನ ಎಳೆಗಳೂ ಚಾಲಕ ಕೋಶಗಳೂ ಆಕ್ಷನ್ ಪೊಟೆನ್ಷಿಯಲ್ ಉಂಟುಮಾಡಬಲ್ಲವು. 6ನೇ ದಿನ ಮೆಗ್ನೀಸಿಯಂ ತೆಗೆದರೆ ಎನ್‌ಟಿಎಸ್ ಉತ್ತರಿಸುತ್ತದೆ. 7ನೇ ದಿನ ಸಾಮಾನ್ಯ ದ್ರಾವಣದಲ್ಲೇ ಉತ್ತರಿಸುತ್ತದೆ, ಆದರೆ ಬೇಗ ದಣಿಯುತ್ತದೆ. 8ನೇ ದಿನ ಉತ್ತರ ದೊಡ್ಡದಾಗಿ, ಗಟ್ಟಿಯಾಗಿ ಇರುತ್ತದೆ. ಮರಿ ಹೊರಬರಲು ಒಟ್ಟು 21 ದಿನ ಬೇಕೆಂಬುದನ್ನು ಇದರ ಪಕ್ಕದಲ್ಲಿಟ್ಟು ನೋಡಿ: ಹೊರಗಿನ ಗಾಳಿಯನ್ನು ಉಸಿರಾಡುವ ಎರಡು ವಾರ ಮೊದಲೇ, ಒಳಾಂಗಗಳ ಸುದ್ದಿ ಕೇಳುವ ಕೇಂದ್ರ ಕೆಲಸಕ್ಕೆ ಕುಳಿತಿರುತ್ತದೆ.

ಪ್ರತಿ ಘಟ್ಟಕ್ಕೂ ಹಲವು ಭ್ರೂಣಗಳು ಬೇಕು. ಒಂದು ಭ್ರೂಣದಲ್ಲಿ ಅಲೆ ಕಾಣದಿದ್ದರೆ ನರ ಹರಿದಿರಬಹುದು. ಚೂಪಾದ ಮೊನೆ ಗಟ್ಟಿಯಾಗಿ ಇರುವ ಅಂಗಾಂಶಗಳನ್ನು ಮಾತ್ರ ಲೆಕ್ಕಕ್ಕೆ ತೆಗೆದುಕೊಳ್ಳಿ. ಸುದ್ದಿ ತಲುಪಿದೆ ಎಂಬುದಕ್ಕೆ ಆ ಮೊನೆಯೇ ಸಾಕ್ಷಿ.

ಹಂತ 8: ಬೇರೆ ನರಗಳಿಗೆ, ಬೇರೆ ಅಲೆಗಳಿಗೆ ಸಾಗುವಾಗ

ಎಲ್ಲ ಸಂವೇದನಾ ಕೇಂದ್ರಗಳೂ ಒಂದೇ ದಿನ ಎಚ್ಚರಗೊಳ್ಳುವುದಿಲ್ಲ. ಕಿವಿಯ ಮಾರ್ಗವನ್ನೇ ನೋಡಿ. ಕೋಳಿ ಭ್ರೂಣದ ಮಿದುಳುಕಾಂಡದಲ್ಲಿ ಶ್ರವಣ ನರದ ಎಳೆಗಳು ನ್ಯೂಕ್ಲಿಯಸ್ ಮ್ಯಾಗ್ನೊಸೆಲ್ಯುಲಾರಿಸ್ ಎಂಬ ಕೇಂದ್ರಕ್ಕೆ ಬರುತ್ತವೆ. ಅಲ್ಲಿ ಸಿನಾಪ್ಸ್ ಉತ್ತರ 10ರಿಂದ 11ನೇ ದಿನದ ಹೊತ್ತಿಗೆ ಸಿಗುವುದನ್ನು ಜಾಕ್ಸನ್, ಹ್ಯಾಕೆಟ್ ಮತ್ತು ರೂಬೆಲ್ 1982ರಲ್ಲಿ ವಿದ್ಯುದ್ವಾರಗಳಿಂದ ದಾಖಲಿಸಿದರು. ಒಳಾಂಗಗಳ ಮಾರ್ಗಕ್ಕೂ ಶ್ರವಣ ಮಾರ್ಗಕ್ಕೂ ನಡುವೆ ಮೂರು ನಾಲ್ಕು ದಿನಗಳ ಅಂತರ. ಆದರೆ ಈ ಎರಡು ಅಂಕಿಗಳನ್ನು ಪಕ್ಕಪಕ್ಕ ಇಡುವಾಗ ಅಳೆದ ವಿಧಾನಗಳು ಬೇರೆ ಎಂಬುದನ್ನು ಬಿಡದೆ ನಮೂದಿಸಿ. ಶ್ರವಣ ನರದಲ್ಲಿ ಒಂದು ಅನುಕೂಲವೂ ಉಂಟು: ಅದರಲ್ಲಿ ಚಾಲಕ ಎಳೆಗಳ ಗೊಂದಲ ಬಹಳ ಕಡಿಮೆ.

ಇನ್ನು, ಆರೇಳು ದಿನದ ಭ್ರೂಣಗಳಲ್ಲಿ ಇಡಿಯಾದ ಮಿದುಳುಕಾಂಡವನ್ನು ನೋಡುತ್ತಿದ್ದರೆ, ಒಮ್ಮೊಮ್ಮೆ ನೀವು ಸ್ಪಂದನ ಕೊಟ್ಟ ಕೇಂದ್ರವನ್ನು ಮೀರಿ, ಮಿದುಳುಕಾಂಡದ ಉದ್ದಕ್ಕೂ, ಬೆನ್ನುಹುರಿಯವರೆಗೂ ನಿಧಾನವಾಗಿ ಹರಡುವ ದೊಡ್ಡ ಅಲೆಯೊಂದು ಏಳುತ್ತದೆ. ಇದು ಉಪಕರಣದ ದೋಷವಲ್ಲ. ಮೊಮೊಸೆ-ಸಾಟೊ ಮತ್ತು ಸಂಗಡಿಗರು ವಿವರಿಸಿದ ಡಿಪೋಲರೈಸೇಷನ್ ಅಲೆ, ಅಂದರೆ ಕೋಶಗಳ ವೋಲ್ಟೇಜನ್ನು ಏರಿಸುತ್ತ ಸಾಗುವ ಅಲೆ, ಇದೇ; ಇದು ಸ್ಪಂದನ ಕೊಡದೆಯೂ ತಾನಾಗಿ ಏಳುತ್ತದೆ, ಮತ್ತು ರಾಸಾಯನಿಕ ಸಿನಾಪ್ಸ್‌ಗಳ ಜೊತೆಗೆ ಕೋಶದಿಂದ ಕೋಶಕ್ಕೆ ನೇರ ದಾರಿಯಾದ ಗ್ಯಾಪ್ ಜಂಕ್ಷನ್‌ಗಳ ಮೂಲಕವೂ ಸಾಗುತ್ತದೆ. ಎನ್‌ಟಿಎಸ್‌ನ ಸ್ಥಳೀಯ ಉತ್ತರವನ್ನು ಅಳೆಯುವಾಗ ಇಂಥ ಅಲೆ ಬಂದ ದಾಖಲೆಗಳನ್ನು ಬೇರೆ ಕಡತಕ್ಕೆ ಹಾಕಿ, ಸ್ಥಳೀಯ ಉತ್ತರದ ಸರಾಸರಿಯೊಳಗೆ ಬೆರೆಸಬೇಡಿ.

ಬೇರೆ ಕಡತಕ್ಕೆ ಹಾಕಿ ಎಂದೆ, ಎಸೆಯಿರಿ ಎನ್ನಲಿಲ್ಲ. ಆರನೆಯ ದಿನದ ಸುಪ್ತ ಸಿನಾಪ್ಸ್‌ಗೆ ಬೇಕಾಗಿದ್ದದ್ದು ಬಿರಡೆಯನ್ನು ಸರಿಸುವ ಒಂದು ಏರಿಕೆ. ಇಡೀ ಮಿದುಳುಕಾಂಡದ ವೋಲ್ಟೇಜನ್ನು ಒಮ್ಮೆಗೇ ಏರಿಸುವ ಅಲೆ ಅದೇ ದಿನಗಳಲ್ಲಿ ತಾನಾಗಿ ಓಡಾಡುತ್ತಿದೆ. ಮೊಟ್ಟೆಯೊಳಗಿನ ಭ್ರೂಣದಲ್ಲಿ, ನಾವು ಮೆಗ್ನೀಸಿಯಂ ತೆಗೆಯದೆಯೇ, ಆ ಅಲೆ ಹಾದುಹೋಗುವ ಕೆಲವು ಕ್ಷಣಗಳಲ್ಲಿ ವೇಗಸ್ ಮಾರ್ಗದ ಸುಪ್ತ ಸಿನಾಪ್ಸ್‌ಗಳು ಮಾತನಾಡುತ್ತಿರಬಹುದು ಎಂಬುದು ನನ್ನ ಊಹೆ. ಅದನ್ನು ಪರೀಕ್ಷಿಸಬಯಸುವವರು, ಆರು ದಿನದ ಭ್ರೂಣದ ಇಡಿಯಾದ ಮಿದುಳುಕಾಂಡವನ್ನು ಸಾಮಾನ್ಯ ರಿಂಗರ್ ದ್ರಾವಣದಲ್ಲೇ ಇಟ್ಟು, ಅಲೆ ತಾನಾಗಿ ಎನ್‌ಟಿಎಸ್ ದಾಟುವುದನ್ನು ಕಾದು, ಅದೇ ಗಳಿಗೆಯಲ್ಲಿ ವೇಗಸ್‌ಗೆ ಸ್ಪಂದನ ಕೊಡಬೇಕು. ಎಪಿವಿ ಇದ್ದಾಗ ಒಮ್ಮೆ, ಇಲ್ಲದಾಗ ಒಮ್ಮೆ.